ಬಾನೆಟ್ಟಿನಾಚೆಯ ಆನೆಗಳು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅಮ್ಮನನ್ನು ಆಫ್ರಿಕಾಕ್ಕೆ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ತಲೆಗೆ ಬಂತು. ಅಕ್ಕ ಇದ್ದದ್ದು ನೈರೋಬಿಯಲ್ಲಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವಳಿಗೆ ಬಸಿರು ನಿಂತಿತ್ತು. ಹಡಗಿನ ಪ್ರಯಾಣ ಬೇಡವೇ ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿಬಿಟ್ಟಿದ್ದರಿಂದ ತವರಿಗೆ ಬರುವ ಮಾತಿರಲಿಲ್ಲ. ಹಾಗಾದರೆ ಬಾಣಂತನ ಮಾಡುವವರು ಯಾರು? ಅಮ್ಮ ಒಂದು ಗಳಿಗೆಯೂ ಯೋಚಿಸದೆ, "ಇನ್ಯಾರು ಮಾಡ್ತಾರೆ, ನಾನೇ ಓಗ್ತೀನಿ" ಅಂದಳು. ಬೆಂಗಳೂರಿಗೂ ಒಬ್ಬಳೇ ಹೋಗಿ ಗೊತ್ತಿಲ್ಲದ ಹೆಂಗಸು. ಅಪ್ಪ ತೀರಿಕೊಂಡಿದ್ದರು. ಉಳಿದವನು ನಾನು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದ ನಾನು ಸಂಬಳವಿಲ್ಲದ ರಜ ಬರೆದುಕೊಟ್ಟು ಅಮ್ಮನ ಹಿಂದೆ ಹೊರಟೆ.

ಅಕ್ಕನ ಗಂಡ ನಮಗೆ ಹೊರಗಿನವರಲ್ಲ. ಅಮ್ಮನ ಕೊನೆಯ ತಮ್ಮನೇ. ನನಗೆ ಸೋದರಮಾವ. ರೈಲು ಎಂಜಿನ್ ರಿಪೇರಿ ಕಲಿತು, ಇನ್ನೂ ಮೀಸೆ ಸರಿಯಾಗಿ ಮೂಡದಿದ್ದಾಗಲೇ ಹಡಗು ಹತ್ತಿ ಹೋದವರು, ನಡುವೆ ಒಂದೇ ಸಲ ಬಂದು ಅಕ್ಕನನ್ನು ಮದುವೆಯಾಗಿ ಕರೆದುಕೊಂಡು ಹೋಗಿದ್ದರು. ಹಳ್ಳಿಯಲ್ಲಿ ರಾಗಿ ಹೊಲದ ಕಾವಲಿಗೆ ಹೋಗುತ್ತಿದ್ದ ಕಾಲದಿಂದಲೂ ಅಮ್ಮನಿಗೆ ಈ ತಮ್ಮನೆಂದರೆ ವಿಪರೀತ ಪ್ರೀತಿ. ಅವರು ಏನು ಮಾಡಿದರೂ ಸರಿ. ನಾನು ಏನು ಮಾಡಿದರೂ ಒಂದು ಕೊಂಕು. ಈ ವ್ಯವಸ್ಥೆ ನಾನು ಹುಟ್ಟುವ ಮೊದಲೇ ಆಗಿಹೋಗಿದ್ದರಿಂದ ನನ್ನ ಅಹವಾಲಿಗೆ ಅಲ್ಲಿ ಜಾಗವಿರಲಿಲ್ಲ.

ಹೊರಡುವ ಮೊದಲು ಮೈಸೂರಿನ ಬನ್ನಿಮಂಟಪದ ನಮ್ಮ ಬೀದಿಯವರೆಲ್ಲ ಬಂದು ಬುದ್ಧಿ ಹೇಳಿದರು. ಸಿಂಹ ಎದುರಾದರೆ ಓಡಬೇಡಿ ಅಂದವರು ಒಬ್ಬರು, ಮರ ಹತ್ತಿ ಅಂದವರು ಇನ್ನೊಬ್ಬರು. ಅಮ್ಮ ಅದ್ಯಾವುದಕ್ಕೂ ತಲೆಕೆಡಿಸಿಕೊಳ್ಳಲಿಲ್ಲ. ಒಣಶುಂಠಿ, ಹಿಪ್ಪಲಿ, ಓಮ, ಬಜೆ, ಕೊಬ್ಬರಿ, ಬೆಲ್ಲದ ಅಚ್ಚು ಎಲ್ಲವನ್ನೂ ಗಂಟು ಕಟ್ಟಿ ಟ್ರಂಕಿಗೆ ತುಂಬಿದಳು. ನನ್ನ ಬಣ್ಣದ ಡಬ್ಬಿಗೆ ಜಾಗ ಉಳಿಯಲಿಲ್ಲ. "ಅಲ್ಲೋಗಿ ಚಿತ್ರ ಬರೀತಾ ಕೂತ್ಕೋತೀಯಾ? ಬಟ್ಟೆ ಒಗೆಯೋರು ಯಾರು?" ಅಂದಳು. ಬೊಂಬಾಯಿಯ ಬಂದರಿನಲ್ಲಿ ಕಸ್ಟಂಸಿನವನು ಟ್ರಂಕು ತೆರೆದು, ಬಜೆಯ ಬೇರು ಕೈಯಲ್ಲಿ ಹಿಡಿದು ಮೂಸಿ ನೋಡಿ, ಇದೇನೆಂದು ನನ್ನನ್ನು ಕೇಳಿದ. ನನಗೆ ಇಂಗ್ಲಿಷಿನಲ್ಲೂ ಗೊತ್ತಿರಲಿಲ್ಲ, ಹಿಂದಿಯಲ್ಲೂ ಗೊತ್ತಿರಲಿಲ್ಲ. ಅಮ್ಮ ಮುಂದೆ ಬಂದು, ಕೈಯಲ್ಲಿ ಮಗು ತೂಗುವ ಹಾಗೆ ಮಾಡಿ, ಬೇರನ್ನು ತೇದು ನಾಲಿಗೆಗೆ ಹಚ್ಚುವ ಹಾಗೆ ತೋರಿಸಿದಳು. ಅವನು ನಕ್ಕು ಬಿಟ್ಟುಬಿಟ್ಟ. ಅಮ್ಮ ನನ್ನ ಕಡೆ ನೋಡಿದ ನೋಟ ಹಡಗು ಮೊಂಬಾಸಾ ಮುಟ್ಟುವ ತನಕ ನನ್ನನ್ನು ಚುಚ್ಚುತ್ತಿತ್ತು.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ಬಾಣಂತನ ಮೈಸೂರಿನಲ್ಲಿ ಹೇಗೋ ನೈರೋಬಿಯಲ್ಲೂ ಹಾಗೇ ನಡೆಯಿತು. ನಾನು ಬಟ್ಟೆ ಒಗೆದೆ. ಇಷ್ಟರಲ್ಲಿ ಮಾವನ ಆನೆ ಹುಚ್ಚು ಶುರುವಾಯಿತು.

ನೈರೋಬಿಯಿಂದ ಮೊಂಬಾಸಾಕ್ಕೆ ಹೋಗುವ ದಾರಿಯಲ್ಲಿ ತ್ಸಾವೊ ಎಂಬ ದೊಡ್ಡ ಕಾಡು. ಸರ್ಕಾರ ಅದನ್ನು ಪ್ರಾಣಿಗಳಿಗೆಂದೇ ಬಿಟ್ಟಿತ್ತು. ಕಾರಿನಲ್ಲಿ ಒಳಗೆ ಹೋಗಿ ಆನೆಗಳನ್ನು ನೋಡಬಹುದು. ಸಫಾರಿ ಎನ್ನುವ ಮಾತನ್ನು ನಾನು ಮೊದಲು ಕೇಳಿದ್ದು ಮಾವನ ಬಾಯಲ್ಲಿ. ದಿನಕ್ಕೆ ನಾಲ್ಕಾರು ಸಲ ಕೇಳಿದೆ.

"ಅಕ್ಕಯ್ಯ, ಆನೆ ಅಂದ್ರೆ ಅವು ಕಣೆ. ಕೆಂಪಗಿರ್ತವೆ. ಕಿವಿ ಅಂದ್ರೆ ನಮ್ಮೂರ ಮೊರ ಅಲ್ಲ, ಚಾಪೆ, ಚಾಪೆ! ನೀನು ಅದನ್ನ ನೋಡ್ದೆ ಓಗಂಗೇ ಇಲ್ಲ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುವರು.

"ಅಯ್ಯೋ ಬುಡೋ. ದಸರಾ ಬಂದ್ರೆ ನಮ್ಮನೆ ಬಾಗ್ಲಲ್ಲೇ ಓಗ್ತವೆ. ಆನೆ ನೋಡಕ್ಕೆ ಸಮುದ್ರ ದಾಟ್ಬೇಕಿತ್ತಾ?" ಎಂದು ಅಮ್ಮ.

ಪ್ರತಿ ಶನಿವಾರ ಸಂಜೆ ನಾಳೆ ಹೊರಡೋಣ ಎನ್ನುವರು. ನಾನು ಕಾಗದ ಪೆನ್ಸಿಲು ಜೋಡಿಸಿಕೊಂಡು ಬೆಳಗ್ಗೆ ಎದ್ದು ಸ್ನಾನ ಮಾಡಿ ಸಿದ್ಧನಾಗಿ ಕೂರುವೆ. ಭಾನುವಾರ ಒಂದು ಸಲ ಟೈರು ಸರಿಯಿಲ್ಲ, ಇನ್ನೊಂದು ಸಲ ಮಗುವಿಗೆ ನೆಗಡಿ, ಮತ್ತೊಂದು ಸಲ ವರ್ಕ್‌ಶಾಪಿನಿಂದ ಕರೆ. ಕಾರು ಅವರು ಯಾರೋ ಊರು ಬಿಟ್ಟು ಹೋಗುವವರಿಂದ ಕೊಂಡ ಹಳೆಯದು. ಅದನ್ನು ಒರೆಸಿದಷ್ಟು ಅವರು ತಮ್ಮ ಮಗುವಿನ ಮೂಗನ್ನೂ ಒರೆಸಿರಲಿಕ್ಕಿಲ್ಲ. ಕೊನೆಗೆ ನಾನು ಆನೆಯ ಆಸೆ ಬಿಟ್ಟೆ. ಬಿಟ್ಟ ಮೇಲೆ ಅವರು ಹೇಳಿದರು: "ನೀವು ವಾಪಸ್ ಓಗೋವಾಗ ರೈಲು ಬೇಡ. ನಾನೇ ಕಾರಲ್ಲಿ ಮೊಂಬಾಸಾಕ್ಕೆ ಬುಡ್ತೀನಿ. ದಾರೀಲೇ ಆನೆ."

ಹಡಗು ಹತ್ತಬೇಕಾದವರು ಕಾಡು ಸುತ್ತುವುದು ನನಗೆ ಸುತರಾಂ ಇಷ್ಟವಿರಲಿಲ್ಲ. ಆ ಹಡಗು ತಪ್ಪಿದರೆ ಮುಂದಿನದಕ್ಕೆ ವಾರಗಟ್ಟಲೆ ಕಾಯಬೇಕು, ನನ್ನ ರಜ ಮುಗಿಯುತ್ತ ಬಂದಿತ್ತು. ಹೇಳಿದೆ. ಅಮ್ಮ, "ಅವನು ಅಷ್ಟು ಆಸೆಯಿಂದ ಏಳ್ತಾವ್ನೆ, ನಿಂದೇನು ಅಡ್ಡಗಾಲು?" ಅಂದಳು. ಇಷ್ಟು ದಿನ ಆನೆ ಬೇಡವೆಂದವಳು ಅವಳೇ.

ಅಕ್ಕ ಬಾಗಿಲಲ್ಲಿ ನಿಂತು ಅತ್ತಳು. ಅಮ್ಮ ಮಗುವಿನ ಹಣೆ ಮುಟ್ಟಿ ಮುಟ್ಟಿ ನೋಡಿ, ಹಿಂತಿರುಗದೆ ಬಂದು ಕಾರಿನಲ್ಲಿ ಕೂತಳು. ಹಡಗಿನಲ್ಲಿ ತಿನ್ನಲೆಂದು ಅಕ್ಕ ಒಂದು ಗೊನೆ ಬಾಳೆಹಣ್ಣು ಕೊಟ್ಟಿದ್ದಳು. ಕಾರಿನ ತಲೆಯ ಮೇಲೆ ಟ್ರಂಕು, ಹಾಸಿಗೆ ಸುತ್ತಿದ ಹೋಲ್ಡಾಲ್, ಗೋಣಿಚೀಲದಲ್ಲಿ ಬಾಳೆಗೊನೆ. ಹಗ್ಗ ಬಿಗಿದವನು ನಾನು. ಆ ದಾರಿ ಬಹುಪಾಲು ಮಣ್ಣಿನದು. ಕೆಂಪು ಧೂಳು ನಮ್ಮ ಕಣ್ಣು, ಮೂಗು, ಅಮ್ಮನ ಸೆರಗು ಎಲ್ಲದರೊಳಗೂ ಸೇರಿತು. ಸಂಜೆಗೆ ಕಾಡಂಚಿನ ಊರೊಂದರಲ್ಲಿ ಮಾವನ ಸ್ನೇಹಿತರ ಮನೆ ಸೇರಿಕೊಂಡೆವು. ಬೆಳಗಾಗುತ್ತಲೇ ಕಾಡಿಗೆ ಹೋಗಿ, ಬಿಸಿಲೇರುವ ಮೊದಲು ಆನೆ ನೋಡಿ, ಮಧ್ಯಾಹ್ನ ಹೊರಬಿದ್ದು, ಸಂಜೆ ಮೊಂಬಾಸಾ. ಮರುದಿನ ಹಡಗು. ಹೀಗೆ ಮಾವನ ಲೆಕ್ಕ.

ಬೆಳಗ್ಗೆ ಅಮ್ಮನ ಸ್ನಾನವಾಗದೆ ಹೊರಡುವಂತಿಲ್ಲ. ಸ್ನಾನವಾದ ಮೇಲೆ ಆ ಸ್ನೇಹಿತರ ಹೆಂಡತಿ ತಿಂಡಿ ತಿನ್ನಿಸದೆ ಬಿಡುವಂತಿಲ್ಲ. ಕಾಡಿನ ಗೇಟಿಗೆ ಬರುವಾಗಲೇ ಬಿಸಿಲು ನೆತ್ತಿ ಸುಡುತ್ತಿತ್ತು. ಗೇಟಿನವನು ಕಾರಿನೊಳಗೆ ಬಗ್ಗಿ ನೋಡಿ, ಎಲ್ಲೂ ಇಳಿಯಬೇಡಿ, ಆನೆ ಕಂಡರೆ ದೂರ ನಿಲ್ಲಿ, ತಿನ್ನುವ ಪದಾರ್ಥ ಹೊರಗೆ ಕಾಣುವಂತೆ ಇಡಬೇಡಿ ಎಂದು ಸಾವಕಾಶವಾಗಿ ಹೇಳಿದ. ಮಾವ ಎಲ್ಲದಕ್ಕೂ ತಲೆಯಾಡಿಸಿದರು. ನಾನು "ಮಾವ, ಮೇಲೆ ಬಾಳೆಗೊನೆ ಇದೆಯಲ್ಲ" ಅಂದೆ.

"ಚೀಲದೊಳಗಿದೆ ಕಣೋ, ಕಾಣ್ತದಾ?"

"ಕಾಣದಿದ್ದರೂ ವಾಸನೆ ಬರೋದಿಲ್ಲವೇ?"

"ನಿಂಗೆ ಬಂತಾ?"

ನನಗೆ ಬಂದಿರಲಿಲ್ಲ.

ಆಮೇಲೆ ನಡೆದದ್ದು ಸಫಾರಿಯಲ್ಲ, ವನವಾಸ. ಒಣಗಿದ ಮುಳ್ಳುಪೊದೆ, ಕೆಂಪು ಮಣ್ಣು, ಮತ್ತೆ ಮುಳ್ಳುಪೊದೆ. ಜಿರಾಫೆಗಳು ಕಂಡವು. ಅವು ಕುತ್ತಿಗೆ ಎತ್ತಿ ನಮ್ಮನ್ನು ನೋಡಿದ ರೀತಿಯಲ್ಲೇ ಮರ್ಯಾದೆ ಇರಲಿಲ್ಲ. ಪಟ್ಟೆಗುದುರೆಗಳ ಹಿಂಡು ಅಡ್ಡ ಓಡಿತು. ನಾನು ನಿಲ್ಲಿಸಿ, ಒಂದು ಗೀಟು ಹಾಕಿಕೊಳ್ಳುತ್ತೇನೆ ಅಂದೆ. "ಇದೆಲ್ಲ ಕತ್ತೆ ಕಣೋ, ಆನೆ ಬರ್ಲಿ ತಡಿ" ಎಂದು ಮಾವ ಕಾರು ಓಡಿಸಿದರು. ಕವಲು ಬಂದಾಗಲೆಲ್ಲ, ಎಡಕ್ಕೆ ಹೋದರೆ ಖಂಡಿತ ಸಿಗುತ್ತವೆ ಅನ್ನುವರು. ಎಡಕ್ಕೆ ಹೋದರೆ ಏನೂ ಇಲ್ಲ. ತಿರುಗಿಸಿ ಬಲಕ್ಕೆ. ಅಲ್ಲಿ ಆನೆಯ ಲದ್ದಿ. ಅದನ್ನು ಕಂಡು ಮಾವ ಕುಣಿದಾಡಿದರು.

"ಅಕ್ಕಯ್ಯ, ನೋಡು ನೋಡು, ಈಗ್ತಾನೆ ಓಗವೆ!"

ಅಮ್ಮ ಕಿಟಕಿಯಿಂದ ಬಗ್ಗಿ ನೋಡಿ, "ಈಗೆಲ್ಲಿ? ಒಣಗೋಗದೆ. ನಿನ್ನೇದು" ಅಂದಳು.

ಮಧ್ಯಾಹ್ನವಾಯಿತು. ನಾನು ಗಡಿಯಾರ ನೋಡುವುದನ್ನು ಮಾವ ಕನ್ನಡಿಯಲ್ಲಿ ನೋಡಿ, ನೋಡಲಿಲ್ಲವೆನ್ನುವ ಹಾಗೆ ಕಣ್ಣು ತಿರುಗಿಸಿಕೊಂಡರು. "ಸಾಕು ಮಾವ, ಹೊರಡೋಣ" ಅಂದೆ. "ಆ ದಿಬ್ಬದ ತನ್ಕ" ಅಂದರು. ದಿಬ್ಬದ ಮೇಲೇರಿದರೆ ಮುಂದೆ ಇನ್ನೊಂದು ದಿಬ್ಬ. ಅಲ್ಲಿಗೆ ಅರ್ಧ ದಾರಿಯಲ್ಲಿ ಕಾರಿನ ಮೂತಿಯಿಂದ ಬಿಳಿ ಹಬೆ ಬುಸ್ಸೆಂದು ಎದ್ದಿತು. ರೇಡಿಯೇಟರಿನ ನೀರು ಕುದಿಯುತ್ತಿತ್ತು. ಜೀವನವೆಲ್ಲ ರೈಲು ಎಂಜಿನ್‌ಗಳಿಗೆ ನೀರು ಕುಡಿಸಿದ ಮನುಷ್ಯ ಸ್ವಂತ ಕಾರಿಗೆ ನೀರು ಹಾಕಲು ಮರೆತಿದ್ದರು. ಬೆಳಗ್ಗೆ ಅದರ ಹೊರಮೈಯನ್ನು ಮಾತ್ರ ಚೆನ್ನಾಗಿ ಒರೆಸಿದ್ದರು.

"ಇಳಿಯಬಾರದು ಅಂದಿದ್ದಾರೆ" ಎಂದು ನಾನು ನೆನಪಿಸಿದೆ.

"ಇಳೀದೆ ನೀರು ಎಂಗಾಕ್ಲಿ? ಬಾಯಿಂದ ಉಗೀಲಾ?" ಎಂದು ನಮ್ಮ ಕುಡಿಯುವ ನೀರಿನ ಕ್ಯಾನು ಹಿಡಿದು ಇಳಿದರು. ಬಾನೆಟ್ಟು ಎತ್ತಿ ನಿಲ್ಲಿಸಿದರು. ಬಿಸಿ ಆರಲಿ ಎಂದು ಸ್ವಲ್ಪ ಹೊತ್ತು ಕಾದು ನಿಂತರು. ನಾನು ಹಿಂದಿನ ಸೀಟಿನಲ್ಲಿ, ಅಮ್ಮ ನನ್ನ ಪಕ್ಕ. ಮುಂದೆ ನೋಡಿದರೆ ಗಾಜಿನ ತುಂಬ ಬಾನೆಟ್ಟಿನ ಒಳಮೈ. ಬೇರೇನೂ ಇಲ್ಲ.

ಆಗ ಅಮ್ಮ ತನ್ನ ಕಡೆಯ ಕಿಟಕಿಯಾಚೆ ನೋಡುತ್ತ, ಬೀದಿಯಲ್ಲಿ ತರಕಾರಿಯವಳು ಬಂದಳು ಎನ್ನುವ ದನಿಯಲ್ಲಿ, "ಬಂದ್ವು" ಅಂದಳು.

ಕೆಂಪು ದಿಬ್ಬವೇ ಎದ್ದು ನಡೆಯುತ್ತಿತ್ತು. ಅಷ್ಟು ದೊಡ್ಡ ಪ್ರಾಣಿಗಳು ಅಷ್ಟು ಸದ್ದಿಲ್ಲದೆ ಬರಬಲ್ಲವೆಂದು ನನಗೆ ಗೊತ್ತಿರಲಿಲ್ಲ. ದಸರಾ ಆನೆಗಳಿಗೆ ಗಂಟೆ ಕಟ್ಟಿರುತ್ತಾರೆ. ಮಣ್ಣಲ್ಲಿ ಹೊರಳಿ ಹೊರಳಿ ಇಟ್ಟಿಗೆಯ ಬಣ್ಣವಾಗಿದ್ದ ಹಿಂಡು ನೇರ ನಾವಿದ್ದ ದಾರಿಯ ಕಡೆಗೇ ಬರುತ್ತಿತ್ತು. ನಾನು "ಮಾವಾ" ಎಂದು ಕೂಗಿದೆ. ಮಾವ ತಲೆ ಎತ್ತಿ ನೋಡಿ, ಕ್ಯಾನು ಅಲ್ಲೇ ಬಿಟ್ಟು, ಓಡಿ ಬಂದು ಸ್ಟಿಯರಿಂಗಿನ ಮುಂದೆ ಕೂತು ಬಾಗಿಲು ಎಳೆದುಕೊಂಡರು. ಬಾನೆಟ್ಟು ಮುಚ್ಚಲಿಲ್ಲ.

ಹಿಂಡು ಕಾರಿನ ಮುಂದೆಯೇ ದಾರಿ ದಾಟತೊಡಗಿತು. ದಾಟುತ್ತಿದೆ ಎಂದು ನೆಲ ಅದುರುವುದರಿಂದ ಗೊತ್ತಾಗುತ್ತಿತ್ತು, ಅಷ್ಟೆ. ತಿಂಗಳುಗಟ್ಟಲೆ ಆನೆ ಆನೆ ಎಂದು ಪ್ರಾಣ ತಿಂದ ಮಾವ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕತ್ತು ಚಾಚಿ, ತಮ್ಮದೇ ಕಾರಿನ ಬಾನೆಟ್ಟಿನ ಹಿಂದೆ ಒದ್ದಾಡುತ್ತಿದ್ದರು. ನನಗೆ ಒಂದು ಬಾಲ ಕಂಡಿತು. ಒಂದು ಹಿಂಗಾಲು ಕಂಡಿತು. ನನ್ನ ಕಾಗದ ತೊಡೆಯ ಮೇಲೇ ಇತ್ತು, ಪೆನ್ಸಿಲು ಎಲ್ಲೋ ಬಿದ್ದಿತ್ತು.

ಒಂದು ಆನೆ ಹಿಂಡಿನಿಂದ ಹಿಂದುಳಿದು ಅಮ್ಮನ ಕಿಟಕಿಯ ಕಡೆಗೆ ಬಂತು. ಅದರ ಜೊತೆಯಲ್ಲೊಂದು ಮರಿ. ಕಿಟಕಿಯ ತುಂಬ ಬಿರುಕು ಬಿಟ್ಟ ಕೆಂಪು ಚರ್ಮ, ಧೂಳಿನ ವಾಸನೆ, ಹುಲ್ಲಿನ ವಾಸನೆ.

"ಮರಿಗೆ ಆಲು ಕೊಡೋಳಿಗೂ ದಂತ ಅವೆ ನೋಡೋ!" ಎಂದು ಅಮ್ಮ ನನಗೆ ಮೊಣಕೈಯಿಂದ ತಿವಿದಳು. "ನಮ್ ಕಡೆ ಎಣ್ಣಾನೆಗೆ ಎಲ್ಲಿರ್ತವೆ?"

"ಅಮ್ಮ, ಸುಮ್ನಿರು."

ಅವಳು ಸುಮ್ಮನಿರುವ ಬದಲು ಕಾಲ ಬಳಿಯ ಕೈಚೀಲಕ್ಕೆ ಕೈ ಹಾಕಿದಳು. ಬಾಣಂತನಕ್ಕೆ ಖರ್ಚಾಗದೆ ಉಳಿದ ಒಂದು ಬೆಲ್ಲದ ಅಚ್ಚು ಈಚೆ ಬಂತು. ಇನ್ನೊಂದು ಕೈ ಕಿಟಕಿಯ ಹಿಡಿಗೆ ಹೋಯಿತು. ಬನ್ನಿಮಂಟಪದಲ್ಲಿ ತಾಲೀಮಿಗೆ ಬರುವ ಆನೆಗಳಿಗೆ ಅವಳು ಬೆಲ್ಲ ಕೊಡುತ್ತಿದ್ದದ್ದು ಹೀಗೇ. ನಾನು ಅವಳ ಎರಡೂ ಕೈಗಳನ್ನು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲು ಎಳೆದಳು. ಆಫ್ರಿಕಾದ ಕಾಡಾನೆಯೊಂದು ಮೊಳದಷ್ಟು ದೂರದಲ್ಲಿ ನಿಂತಿರುವಾಗ ನಾನೂ ಅಮ್ಮನೂ ಒಂದು ಅಚ್ಚು ಬೆಲ್ಲಕ್ಕಾಗಿ ಸೆಣಸಾಡುತ್ತಿದ್ದೆವು.

"ಬುಡೋ, ಬಸುರಿ ಬಾಣಂತಿ ಬಾಗ್ಲಿಗೆ ಬಂದ್ರೆ ಬರಿಗೈಲಿ ಕಳಿಸ್ತಾರಾ?"

"ಬಾಗಿಲಿಗೆ ಅವಳು ಬಂದದ್ದಲ್ಲ ಅಮ್ಮ, ಅವಳ ಬಾಗಿಲಿಗೆ ನಾವು ಬಂದಿರೋದು!"

ಸೊಂಡಿಲು ಕಾರಿನ ತಲೆಯ ಮೇಲೆ ಹರಿದಾಡುವ ಸದ್ದು ಕೇಳಿಸಿತು. ಯಾರೋ ಒದ್ದೆ ಕಂಬಳಿ ಎಳೆದಂತೆ. ಆಮೇಲೆ ಹಗ್ಗ ಕಿತ್ತ ಸದ್ದು. ಕಾರು ಒಂದು ಸಲ ಎಡಕ್ಕೆ ವಾಲಿ, ಧಡ್ಡೆಂದು ಮತ್ತೆ ಕೂತಿತು. ಮಾವ ಕಣ್ಣು ಮುಚ್ಚಿ ಚಾಮುಂಡಿ, ತಾಯಿ ಎಂದು ಶುರುಮಾಡಿದರು. ಗೋಣಿಚೀಲ ಕಿಟಕಿಯ ಮುಂದೆ ನೆಲಕ್ಕೆ ಬಿತ್ತು. ಆನೆ ಅದನ್ನು ಕಾಲಲ್ಲಿ ಮೆಟ್ಟಿ ಹರಿದು, ಬಾಳೆಗೊನೆಯನ್ನು ಎತ್ತಿಕೊಂಡಿತು. ಅಷ್ಟಕ್ಕೆ ಬಿಡಬಹುದಿತ್ತು. ನನ್ನ ಹೋಲ್ಡಾಲನ್ನೂ ಎಳೆದು ಬೀಸಿತು. ಹಾಸಿಗೆ ಬಿಚ್ಚಿಕೊಂಡು ಮುಳ್ಳುಪೊದೆಯ ಮೇಲೆ ಹರಡಿತು. ಅಮ್ಮನ ಟ್ರಂಕನ್ನು ಮುಟ್ಟಲಿಲ್ಲ. ಮರಿಯನ್ನು ಮುಂದೆ ಮಾಡಿಕೊಂಡು, ಹಣ್ಣು ಸಿಪ್ಪೆ ಸಮೇತ ಅಗಿಯುತ್ತ ಹೊರಟುಹೋಯಿತು.

ಆಮೇಲೆ ಮಾವ ಹಿಂದೆ ತಿರುಗಿದರು. ಮುಖದ ಧೂಳಿನಲ್ಲಿ ಬೆವರಿನ ಗೆರೆ.

"ಎಂಗಿತ್ತು?" ಅಂದರು.

"ಏನು ಹೇಗಿತ್ತು? ಬಾನೆಟ್ಟು ಚೆನ್ನಾಗಿತ್ತು!" ಅಂದೆ.

ಕಾರು ತಣ್ಣಗಾಗಿ, ಚೆಲ್ಲಿ ಉಳಿದ ನೀರು ಹಾಕಿ, ಕಾಡು ದಾಟುವಾಗ ಬಿಸಿಲು ಇಳಿದಿತ್ತು. ಹಾಸಿಗೆಯನ್ನು ಎತ್ತಿಕೊಳ್ಳಲು ಮುಳ್ಳುಪೊದೆಯ ತನಕ ಯಾರೂ ಹೋಗಲಿಲ್ಲ. ಮೊಂಬಾಸಾ ಮುಟ್ಟುವವರೆಗೂ ನಾನು ಮನಸ್ಸಿನಲ್ಲೇ ಹಡಗು ಹೊರಡುವುದನ್ನು ನೋಡುತ್ತಿದ್ದೆ. ಹಗ್ಗ ಬಿಚ್ಚುವುದು, ಕೂಗುವುದು, ನಮ್ಮನ್ನು ಬಿಟ್ಟು ಚುಕ್ಕೆಯಾಗುವುದು. ಮರುದಿನ ಬೆಳಗ್ಗೆ ಬಂದರಿನ ಕಚೇರಿಗೆ ಓಡಿದರೆ ಅಲ್ಲಿನ ಗುಮಾಸ್ತ ಹಲ್ಲು ಚುಚ್ಚಿಕೊಳ್ಳುತ್ತ, ಸಮುದ್ರ ಸರಿಯಿಲ್ಲ, ಹಡಗು ಇನ್ನೂ ಬಂದೇ ಇಲ್ಲ, ನಾಳೆಯೋ ನಾಡಿದ್ದೋ ಬಂದರೆ ಬರಬಹುದು ಅಂದ.

ಮಾವ ಚಪ್ಪಾಳೆ ತಟ್ಟಿದರು. "ನಾನೇಳ್ಲಿಲ್ವಾ? ಸುಮ್ನೆ ಎದ್ರುಕೊಂಡೆ! ಇವತ್ತೊಂದಿನ ಐತೆ. ಬಾ, ಇನ್ನೊಂದ್ಸಲ ಓಗಿ ಸರಿಯಾಗಿ ನೋಡ್ಕೊಂಡ್ ಬಂದ್ಬುಡುವ."

ಆಗ ನನ್ನ ತಾಳ್ಮೆ ಹರಿಯಿತು. ಹಿರಿಯರು, ಸೋದರಮಾವ, ಅಕ್ಕನ ಗಂಡ ಎನ್ನುವುದೆಲ್ಲ ಮರೆತು, ಆ ಬಂದರಿನ ಕಟ್ಟೆಯ ಮೇಲೆ ನಿಂತು ಕಿರುಚಿದೆ. ನಿಮ್ಮ ಆನೆ ಹುಚ್ಚಿಗೆ ನಮ್ಮ ಜೀವ ಹೋಗುತ್ತಿತ್ತು ಅಂದೆ. ನೀರು ಹಾಕಲು ಗೊತ್ತಿಲ್ಲದವರು ಕಾರು ಯಾಕೆ ಕೊಂಡಿರಿ ಅಂದೆ. ಮೂಟೆ ಹೊರುವವರು ನಿಂತು ನೋಡಿದರು. ಮಾವನ ಮುಖ ಸಣ್ಣದಾಯಿತು. ಪೇಟೆಯ ಕಡೆ ನಡೆದುಹೋದರು.

ಅಮ್ಮ ಒಂದೇ ಮಾತು ಅಂದಳು: "ಅವನು ಈ ದೇಶಕ್ಕೆ ಬಂದ್ಮೇಲೆ ನಮ್ಮೋರು ಅಂತ ಒಬ್ರು ಅವನ ಮನೆಗೆ ಬಂದಿದ್ದು ಇದೇ ಮೊದ್ಲು. ಏನಾದ್ರೂ ತೋರಿಸ್ಬೇಕು ಅನ್ಸಲ್ವೇನೋ ಅವನಿಗೆ?"

ಮಧ್ಯಾಹ್ನ ನಾವು ಇಳಿದುಕೊಂಡಿದ್ದ ಛತ್ರಕ್ಕೆ ಮಾವ ಬಂದರು. ಹೆಗಲ ಮೇಲೆ ಒಂದು ಹೊಸ ಹಾಸಿಗೆ, ಹೊಸ ಹೋಲ್ಡಾಲ್. ನನ್ನ ಮುಂದೆ ಇಟ್ಟು, "ಹತ್ತಿ ಚೆನ್ನಾಗೈತೆ, ನೋಡಿ ತಂದೆ" ಅಂದರು. ಮರುದಿನ ಕೆಲಸಕ್ಕೆ ಹಾಜರಾಗಬೇಕಿದ್ದರಿಂದ ಆಗಲೇ ಹೊರಟರು. ಅಮ್ಮನ ಕಾಲಿಗೆ ಬಿದ್ದು ಏಳುವಾಗ ಮೂಗೊರೆಸಿಕೊಂಡರು. ನಾನು ಕಾರಿನ ಬಾನೆಟ್ಟು ಎತ್ತಿ ರೇಡಿಯೇಟರಿಗೆ ಕಂಠಮಟ್ಟ ನೀರು ತುಂಬಿಸಿ ಕಳಿಸಿದೆ. ಸಿಟ್ಟು ಪೂರಾ ಇಳಿದಿತ್ತು ಎಂದೇನೂ ಅಲ್ಲ.

ಮೈಸೂರಿಗೆ ಬಂದ ಮೇಲೆ ಇನ್ನೊಂದು ಕಾಟ ಶುರುವಾಯಿತು. ಅಮ್ಮ ಕಥೆ ಹೇಳತೊಡಗಿದಳು. ಮೊದಲು ಎದುರುಮನೆಯವರಿಗೆ, ಆಮೇಲೆ ಬೀದಿಗೆ. ಪ್ರತಿ ಸಲ ಹೇಳಿದಾಗಲೂ ಆನೆ ಇನ್ನೊಂದು ಹೆಜ್ಜೆ ಹತ್ತಿರ ಬಂತು. ಒಂದು ತಿಂಗಳಾಗುವುದರೊಳಗೆ ಅದು ಕಿಟಕಿಯೊಳಗೆ ಸೊಂಡಿಲು ಚಾಚಿ ಅವಳ ಅಂಗೈಯಿಂದ ಬೆಲ್ಲ ತೆಗೆದುಕೊಂಡು ನೆತ್ತಿ ಮುಟ್ಟಿ ಆಶೀರ್ವಾದ ಮಾಡಿತ್ತು. ಉದಯಗಿರಿಯಲ್ಲಿ ನನ್ನ ಸೈಕಲ್ಲಿನ ಬ್ರೇಕು ಸರಿಮಾಡುತ್ತಿದ್ದ ಮೆಕ್ಯಾನಿಕ್ಕು ಕೂಡ, "ಏನ್ ಮೇಷ್ಟ್ರೇ, ನಿಮ್ ತಾಯೋರಿಗೆ ಆಫ್ರಿಕಾ ಆನೆ ಕೈಮುಗೀತಂತೆ?" ಎಂದು ಕೇಳಿದ. ಇಲ್ಲಪ್ಪ, ಬಾನೆಟ್ಟು ಎತ್ತಿತ್ತು, ಯಾರಿಗೂ ಸರಿಯಾಗಿ ಏನೂ ಕಾಣಲಿಲ್ಲ ಎಂದು ನಾನು ವಿವರಿಸಿದೆ. ಅವನು ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ.

ಶಾಲೆಯಲ್ಲಿ ಹೆಡ್‌ಮಾಸ್ಟರು, ನಿಮ್ಮ ಆಫ್ರಿಕಾ ಅನುಭವ ಮಕ್ಕಳಿಗೆ ಹೇಳಿ ಎಂದು ಶನಿವಾರ ಸಭೆಯಲ್ಲಿ ನಿಲ್ಲಿಸಿದರು. ನಾನು ಕರಿಹಲಗೆಯ ಮೇಲೆ ಆಫ್ರಿಕಾದ ಆನೆಯ ಕಿವಿ ಬರೆದು, ನಮ್ಮ ಆನೆಯ ಕಿವಿ ಬರೆದು, ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಮಕ್ಕಳು ಆಕಳಿಸಿದರು. ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ನಿಮ್ಮ ಅಮ್ಮನ್ನ ಕರ್ಕೊಂಡ್ ಬನ್ನಿ ಸಾರ್" ಅಂದಳು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಹೆಡ್‌ಮಾಸ್ಟರೂ ತಟ್ಟಿದರು.

ಮುಂದಿನ ಶನಿವಾರ ಅಮ್ಮ ರೇಷ್ಮೆ ಸೀರೆ ಉಟ್ಟು, ಜಟಕಾದಲ್ಲಿ ಬಂದಳು. ಹೆಡ್‌ಮಾಸ್ಟರು ತಮ್ಮ ಕುರ್ಚಿ ಕೊಟ್ಟರು. ನನಗೆ ಹಿಂದಿನ ಬೆಂಚಿನಲ್ಲಿ ಜಾಗ.

"ಆನೆ ಇಂಡು ಬಂದ್ಬುಡ್ತು ಕಣ್ರಪ್ಪ, ನಡು ಕಾಡಲ್ಲಿ, ಕಾರು ಕೆಟ್ಟು ನಿಂತದೆ" ಎಂದು ಅಮ್ಮ ಶುರುಮಾಡಿದಳು. "ನನ್ ತಮ್ಮ, ನೋಡಿ, ಎಂಥ ಧೈರ್ಯ ಅವನಿಗೆ! ಕಾರಿನ ತಗಡು ಬಾಗ್ಲನ್ನ ಎತ್ತಿ ಗುರಾಣಿ ತರ ಅಡ್ಡ ಇಡ್ಕೊಂಡು, ಅಷ್ಟು ಆನೆಗೂ ಒಬ್ನೇ ಎದುರು ನಿಂತ್ಬುಟ್ಟ. ನಮ್ಮಕ್ಕಯ್ಯನ್ನ ಮುಟ್ಬೇಕಾದ್ರೆ ನನ್ನ ದಾಟಿ ಓಗಿ ಅಂದ."

ನಾನು ಎದ್ದು ನಿಂತೆ. ಹೆಡ್‌ಮಾಸ್ಟರು ಕೂರಿ ಎಂದು ಕೈಸನ್ನೆ ಮಾಡಿದರು.

"ಆಗ ನಮ್ ಮೇಷ್ಟ್ರು ಏನ್ಮಾಡ್ತಿದ್ರು ಅಜ್ಜಿ?" ಎಂದು ಅದೇ ಹುಡುಗಿ ಕೇಳಿದಳು.

"ಅವನಾ?" ಅಮ್ಮ ತಲೆ ಎತ್ತಿ ಹಿಂದಿನ ಬೆಂಚಿನ ಕಡೆ ನೋಡಿ, ಮುದ್ದಿನಿಂದ ನಕ್ಕಳು. "ಅವನು ನನ್ನ ಎರಡೂ ಕೈ ಗಟ್ಟಿಯಾಗಿ ಇಡ್ಕೊಂಡು ಕೂತಿದ್ದ, ಪಾಪ. ಚಿಕ್ಕಂದಿನಿಂದ ಅವನಿಗೆ ಪುಕ್ಕಲು."

ಇಡೀ ಶಾಲೆ ಕತ್ತು ತಿರುಗಿಸಿ ನನ್ನನ್ನೇ ನೋಡಿತು.